ದಾರಿಗೆ ಚೆಲ್ಲಿದ ಹಾಲು

"ಈ ಫೋಟೋ ಸುಳ್ಳು."

ಸಭಾಂಗಣದ ಕೊನೆಯ ಸಾಲಿನಿಂದ ಬಂದ ಮಾತಿಗೆ, ವೇದಿಕೆಯಲ್ಲಿ ಮಾತಾಡುತ್ತಿದ್ದ ಪ್ರತೀಕ್ಷಾ ಗಕ್ಕನೆ ನಿಂತಳು. ಲಂಡನ್ನಿನ ಸ್ಟ್ರಾಟ್‌ಫರ್ಡ್‌ನ ಬಟ್ಟೆ ಕಂಪನಿಯೊಂದಕ್ಕೆ ಮಂಗೋಲಿಯಾದ ಮೇಕೆ ಉಣ್ಣೆ ಕೊಳ್ಳುವ ಕೆಲಸ ಅವಳದ್ದು. ಪರದೆಯ ಮೇಲೆ ಬಿಳಿ ಗುಡಾರ, ಕುದುರೆ, ರೇಷ್ಮೆ ನಿಲುವಂಗಿಯ ಮುದುಕ. ಕೆಳಗೆ 'ಬದಲಾಗದ ಅಲೆಮಾರಿಗಳ ನಾಡು' ಅಂತ ಅವಳೇ ಬರೆದಿದ್ದಳು.

ಎದ್ದು ನಿಂತವನು ಬಿಲ್ಗೂನ್. ಅದೇ ನಾಡಿನ ಕುರಿಗಾಹಿ ಮನೆಯವನು, ಲಂಡನ್ನಿನಲ್ಲಿ ಹುಲ್ಲುಗಾವಲುಗಳ ಬಗ್ಗೆ ಓದುತ್ತಿದ್ದ. ನಮ್ಮಪ್ಪನ ಗುಡಾರಕ್ಕೆ ಸೋಲಾರ್ ಇದೆ, ಕುದುರೆ ಬದಲು ಬೈಕ್ ಇದೆ ಅಂದ. ಸಮಾಜವಾದದ ಕಾಲದಲ್ಲಿ ಜಾನುವಾರೆಲ್ಲ ಸರ್ಕಾರಿ ಸಹಕಾರ ಸಂಘದ್ದು, ಅಪ್ಪನಿಗೆ ತಿಂಗಳ ಸಂಬಳ. ಸಂಘ ಮುರಿದ ಮೇಲೆ ಮಂದೆ ಹಂಚಿಕೊಂಡರು. ಈಗ ಕಾಸು ಸಿಗುವುದು ಮೇಕೆ ಉಣ್ಣೆಗೇ. ಹಾಗಾಗಿ ಎಲ್ಲರ ಮನೆಯಲ್ಲೂ ಮೇಕೆ, ನೆಲದಲ್ಲಿ ಹುಲ್ಲಿಲ್ಲ.

"ಬದಲಾಗಿಲ್ಲ ಅಂತ ನೀವು ಹೇಳೋದು ಸ್ವೆಟರ್ ಮಾರೋದಕ್ಕೆ."

ಪ್ರತೀಕ್ಷಾಗೆ ಮೈಯೆಲ್ಲ ಉರಿದುಹೋಯಿತು. ಆದರೂ ಊಟದ ಹೊತ್ತಿಗೆ ಅವನ ಮೇಜಿಗೇ ಹೋಗಿ ಕೂತಳು. ಜಗಳ ಪೂರ್ತಿ ಮಾಡಬೇಕಿತ್ತಲ್ಲ!

ಆ ಜಗಳ ಮುಗಿಯಲೇ ಇಲ್ಲ ನೋಡಿ. ಟ್ಯೂಬ್ ರೈಲಿನಲ್ಲಿ, ಕಾಲುವೆ ದಂಡೆಯಲ್ಲಿ, ಪಿನ್ನರ್‌ನ ಅವಳ ಫ್ಲ್ಯಾಟಿನಲ್ಲಿ... ಅವಳ ಅನ್ನ-ಸಾರು, ಅವನ ಉಪ್ಪು ಹಾಕಿದ ಚಹಾದ ನಡುವೆ ಎಲ್ಲೋ ಅದು ಪ್ರೀತಿಯಾಗಿತ್ತು. ಬಾಯಿಬಿಟ್ಟು ಹೇಳಲು ಮಾತ್ರ ಇಬ್ಬರಿಗೂ ಬಿಗುಮಾನ.

ಮಾರ್ಚ್‌ನಲ್ಲಿ ಕಂಪನಿ ಅವಳನ್ನು ಮಂಗೋಲಿಯಾಕ್ಕೆ ಕಳಿಸಿತು, ಉಣ್ಣೆಯ ದರ ಇಳಿಸಲು. ದರ ಇಳಿದಷ್ಟೂ ಕುರಿಗಾಹಿಗಳು ಇನ್ನಷ್ಟು ಮೇಕೆ ಸಾಕುತ್ತಾರೆ ಎಂದು ಬಿಲ್ಗೂನ್ ಕೂಗಾಡಿದ. ಅವಳೂ ಬಿಡಲಿಲ್ಲ. ಆದರೂ ಮರುದಿನ ಬೀಳ್ಕೊಡಲು ಬಂದ. ಟ್ಯಾಕ್ಸಿ ಹೊರಟಾಗ ತಿರುಗಿ ನೋಡಿದರೆ... ಅವನು ಬಟ್ಟಲಿನಿಂದ ಚಮಚದಲ್ಲಿ ಹಾಲೆತ್ತಿ ಅವಳ ಹಿಂದೆಯೇ ದಾರಿಗೆ ಚೆಲ್ಲುತ್ತಿದ್ದ!

ಮಂಡ್ಯದ ಹುಡುಗಿ ಅವಳು. ಮಣ್ಣು ಮಾಡಿದ ಮೇಲೆ ಸಮಾಧಿಗೆ ಹಾಲು-ತುಪ್ಪ ಬಿಡುವುದನ್ನು ಕಂಡು ಬೆಳೆದವಳು.

'ಬದುಕಿರುವಾಗಲೇ ನನಗೆ ಹಾಲು-ತುಪ್ಪ ಬಿಟ್ಟನಾ? ಅಷ್ಟು ಬೇಡವಾದೆನಾ?'

ವಿಮಾನ ಹತ್ತುವವರೆಗೂ ಕಣ್ಣೊರೆಸಿಕೊಂಡಳು. ಆಮೇಲೆ ಅವನ ಒಂದು ಕರೆಯನ್ನೂ ತೆಗೆದುಕೊಳ್ಳಲಿಲ್ಲ.

ಅಲ್ಲಿ ಅಜ್ಜಿಯೊಬ್ಬರ ಗುಡಾರದಲ್ಲಿ ಉಳಿದಳು. ಬೋಳು ಗುಡ್ಡಗಳನ್ನು ಕಣ್ಣಾರೆ ಕಂಡಮೇಲೆ ದರ ಇಳಿಸಿ ಎನ್ನಲು ಬಾಯಿಯೇ ಬರಲಿಲ್ಲ. ಹೊರಟ ದಿನ ಅಜ್ಜಿಯೂ ಜೀಪಿನ ಹಿಂದೆ ಹಾಲು ಚೆಲ್ಲಿದರು. ಬೆಚ್ಚಿಬಿದ್ದು ಕೇಳಿದರೆ ಡ್ರೈವರ್ ನಕ್ಕ. ದೂರ ಹೊರಟ ಮನೆಮಕ್ಕಳಿಗೆ ಹಾಗೆ ಮಾಡುವುದಂತೆ. ದಾರಿ ಸುಖವಾಗಿರಲಿ, ಹೋದವರು ತಿರುಗಿ ಮನೆಗೇ ಬರಲಿ ಅಂತ. ಅಜ್ಜಿಗೆ ನೀವು ಮಗಳ ಹಾಗೆ ಕಂಡಿರಬೇಕು ಅಂದ.

ಅಯ್ಯೋ, ಎಂಥ ಕೆಲಸ ಮಾಡಿಬಿಟ್ಟೆ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು.

ಅವಳು ಮರಳುವಷ್ಟರಲ್ಲಿ ಬಿಲ್ಗೂನ್ ಓದು ಮುಗಿಸಿ ಊರಿಗೆ ಹೊರಟುನಿಂತಿದ್ದ. ಮೇಕೆ ಕಡಿಮೆ ಮಾಡಿ ಒಳ್ಳೆಯ ದರ ಕೇಳುವ ಹೊಸ ಸಂಘ ಕಟ್ಟುವ ಆಸೆ ಅವನದು. ಹಳೆಯ ಸಂಘ ಮುರಿದದ್ದನ್ನು ಕಂಡಿದ್ದ ಅವನ ಅಪ್ಪ ಮಾತ್ರ ಸಂಘ ಅಂದರೆ ಸಾಕು, ಸಿಡುಕುತ್ತಿದ್ದರು.

ತನ್ನ ಕಟ್ಟಡದ ಲಿಫ್ಟಿನಿಂದ ಹೊರಬಂದವನು ಎದುರಿಗೆ ಅವಳನ್ನು ಕಂಡು ಸೂಟ್‌ಕೇಸ್ ಕೆಳಗಿಟ್ಟ. ಅವಳ ಕೈಯಲ್ಲಿ ಸ್ಟೀಲ್ ಲೋಟ, ಚಮಚ.

ಹಾಲು-ತುಪ್ಪದ ವಿಷಯ ಒಂದೇ ಉಸಿರಿಗೆ ಹೇಳಿದಳು. ಅವನ ಮುಖ ಬಿಳಿಚಿಕೊಂಡಿತು.

"ನನ್ನಮ್ಮ ನನ್ನನ್ನ ಹಾಗೇ ಕಳಿಸಿದ್ದು, ಪ್ರತೀಕ್ಷಾ. ನೀನು ವಾಪಸ್ ಬರಬೇಕಿತ್ತು ನನಗೆ. ಜಗಳ ಆಡಿದ ಬಾಯಲ್ಲಿ ಹೇಳೋಕೆ ಆಗಲಿಲ್ಲ."

"ದರ ಇಳಿಸಲ್ಲ ಅಂತ ಆಫೀಸಲ್ಲಿ ಹೇಳಿದೀನಿ. ಒಪ್ತಾರೋ, ಕೆಲಸ ಹೋಗುತ್ತೋ... ಆ ಫೋಟೋ ಅಂತೂ ತೆಗೆದುಹಾಕಿದೆ."

ಅವನು ಅವಳ ಕೆನ್ನೆ ಮುಟ್ಟಿದ. ಹೊರಗೆ ಟ್ಯಾಕ್ಸಿ ಬಂತು.

ಅವನು ನಡೆದ. ಅವಳು ಹಿಂದೆಯೇ ಹಾಲು ಚೆಲ್ಲಿದಳು. ಕಸ ಗುಡಿಸುತ್ತಿದ್ದ ನಗರಸಭೆಯವನು ಪೊರಕೆ ಹಿಡಿದು ನೋಡುತ್ತಲೇ ನಿಂತ.

ಬಿಲ್ಗೂನ್ ತಿರುಗಿದ. "ಸ್ವಲ್ಪ ಉಳಿಸ್ಕೋ."

"ಯಾಕೆ?"

"ಮುಂದಿನ ಸಲ ಇಬ್ಬರೂ ಒಟ್ಟಿಗೆ ಮಂಡ್ಯದಿಂದ ಹೊರಡ್ತೀವಲ್ಲ. ಆಗ ನಿನ್ನಮ್ಮ ಚೆಲ್ಲಲಿ."

ಅಳುತ್ತಲೇ ನಕ್ಕಳು ಪ್ರತೀಕ್ಷಾ. "ನಮ್ಮಮ್ಮ ಹೌಹಾರಿಬಿಡ್ತಾರೆ. ಅವರಿಗೆ ಅರ್ಥ ಮಾಡಿಸೋದು ನಿನ್ನ ಕೆಲಸ."

"ಕನ್ನಡ ಕಲಿತೇ ಬರ್ತೀನಿ," ಎಂದ.