ಗೋಣಿ ಎಳೆದ ದಾರಿ

ಗಾಲ್ಫ್ ಕೋಲು ಗಿರಗಿರ ತಿರುಗುತ್ತ ಹಾರಿ ಬಂದು ಪಾರಮ್ಮನ ಕಾಲ ಬಳಿ ಬಿತ್ತು. ಇನ್ನೊಂದು ಗೇಣು ಈಚೆ ಬಂದಿದ್ದರೆ ಅವಳ ಮೊಣಕಾಲು ಉಳಿಯುತ್ತಿರಲಿಲ್ಲ!

ಎಸೆದಾತ ಓಡಿ ಬಂದ. ಬಿಳಿ ಷರಟು, ಹಣೆಯ ಮೇಲೆ ಅಂಗಾರ-ಅಕ್ಷತೆ, ಸಿಟ್ಟಿಗೆ ಕೆಂಪಾದ ಮುಖ.

"ಏ ಹುಡುಗಿ, ಪೆಟ್ಟಾತೇನು?"

"ಹುಡುಗಿ ಅಲ್ರಿ, ಪಾರಮ್ಮ. ಪೆಟ್ಟಾಗಿದ್ದು ನನಗಲ್ಲ, ನಿಮ್ಮ ಆಟಕ್ಕ."

ಅವನು ಬಗ್ಗಿ ಕೋಲು ಎತ್ತಿಕೊಂಡ. ಸಿರುಗುಪ್ಪದ ತಾಲ್ಲೂಕು ಕಚೇರಿಯ ಗುಮಾಸ್ತ ಗೋಪಾಲಕೃಷ್ಣನ ಜೊತೆ ಇಷ್ಟು ನೇರವಾಗಿ ಯಾರೂ ಮಾತಾಡಿರಲಿಲ್ಲ.

ಅದು ೧೯೫೧ನೇ ಇಸವಿ. ಬಳ್ಳಾರಿಯ ದಂಡಿನ ಬಯಲಿನಿಂದ ಬಿಳಿ ದೊರೆಗಳು ಹೋಗಿ ನಾಲ್ಕು ವರ್ಷವಾಗಿತ್ತು, ಆಟ ಮಾತ್ರ ಉಳಿದಿತ್ತು. ಭಾನುವಾರ ಬೆಳಗ್ಗೆ ವಕೀಲರು, ಡಾಕ್ಟರು, ಬ್ರೂಸ್‌ಪೇಟೆಯ ಸಾಹುಕಾರರು ಅಲ್ಲಿ ಕೋಲು ಬೀಸುತ್ತಿದ್ದರು. ನಮ್ಮ ಬಿಸಿಲಿಗೆ ಹುಲ್ಲೆಲ್ಲಿ ಬೆಳೆಯಬೇಕು? ಗುಂಡಿಯ ಸುತ್ತ ಎಂಜಿನ್ನಿನ ಹಳೇ ಎಣ್ಣೆ ಕಲಸಿದ ಮರಳು ಹಾಸಿರುತ್ತಿದ್ದರು. ಅದರ ತುಂಬ ಹೆಜ್ಜೆ ಗುರುತು. ಹಾಗಾಗಿ ಚೆಂಡನ್ನು ಗುಂಡಿಗೆ ತಳ್ಳುವ ಮೊದಲು, ಚೆಂಡಿನಿಂದ ಗುಂಡಿಯವರೆಗೆ ಒಂದು ಗೋಣಿಚೀಲ ಎಳೆದು ಮರಳನ್ನು ಸಮ ಮಾಡಬೇಕು. ಆ ಕೆಲಸ ಪಕ್ಕದ ಊರು ಕೊಳಗಲ್ಲಿನ ಗಾಳೆಪ್ಪನದು, ಅವನ ಮಗಳು ಪಾರಮ್ಮನದು.

"ಮೂರು ಹೆಜ್ಜಿ ದೂರ ಅಷ್ಟ! ಹಂಗಿದ್ರೂ ತಪ್ಪತೈತಿ!" ಗೋಪಾಲಕೃಷ್ಣ ಹಲ್ಲು ಕಚ್ಚಿದ.

"ಹಿಂದಿನ ಗುಂಡಿಯಾಗ ತಪ್ಪಿದ್ದನ್ನ ಇಲ್ಲಿತನಕ ಹೊತ್ಕೊಂಡು ಬಂದೀರಿ. ತಪ್ಪದ ಏನ್ ಮಾಡತೈತಿ?"

"ಇದನ್ನ ನಿನಗ್ಯಾರು ಕಲಿಸಿದ್ರು?"

"ಕೂರಿಗಿ," ಎಂದಳು ಪಾರಮ್ಮ. "ಬಿತ್ತುವಾಗ ಕೂರಿಗಿ ಬಟ್ಟಲಿಗೆ ಕಾಳು ಬಿಡ್ತೀವಲ್ರಿ, ಬಿದ್ದ ಕಾಳು ನೋಡಾಕ ಹಿಂದ ತಿರುಗಿದ್ರ ಮುಂದಿನ ಸಾಲೂ ಕೆಡತೈತಿ. ಎತ್ತು ನಿಮಗ ಕಾಯಂಗಿಲ್ಲ. ಉಸಿರು ಬಿಡ್ರಿ. ಮುಷ್ಟಿ ಸಡಿಲ ಮಾಡ್ರಿ. ಈಗ ಕೈಯಾಗಿದ್ದ ಕಾಳಷ್ಟ ನಿಮ್ದು."

ಅವನು ಇನ್ನೊಂದು ಚೆಂಡು ಇಟ್ಟ. ಉಸಿರು ಬಿಟ್ಟ. ತಳ್ಳಿದ.

ಟಕ್!

ಚೆಂಡು ಗುಂಡಿಯೊಳಗೆ! ಅವನು ಮಗುವಿನಂತೆ ನಕ್ಕುಬಿಟ್ಟ. ಪಾರಮ್ಮ ಗೋಣಿ ಎತ್ತಿಕೊಂಡು ಸರಸರ ನಡೆದಳು. 'ಛೇ... ಚೆಂಡು ಬಿದ್ದಿದ್ದು ಅಲ್ಲಿ. ನನ್ನ ಎದಿ ಯಾಕ ಹೊಡ್ಕೊಳ್ಳಾಕ ಹತ್ತೈತಿ?'

ಆಮೇಲೆ ಎಷ್ಟೋ ಭಾನುವಾರ. ಸಿರುಗುಪ್ಪದ ಬಸ್ಸಿನಲ್ಲಿ ಬರುವ ಅವನ ಕೈಯಲ್ಲಿ ಕೋಲಿನ ಜೊತೆ ಮಂಡಕ್ಕಿಯ ಪೊಟ್ಟಣವೂ ಇರತೊಡಗಿತು. ಯಾರೂ ಇಲ್ಲದಾಗ ಕೋಲನ್ನು ಅವಳ ಕೈಗೇ ಕೊಡುತ್ತಿದ್ದ. ಅವಳು ಅವನಿಗಿಂತ ಚೆನ್ನಾಗಿ ಹೊಡೆಯುತ್ತಿದ್ದಳು! ಇಬ್ಬರೂ ಏನೂ ಹೇಳಿಕೊಳ್ಳಲಿಲ್ಲ. ಹೇಳದಿದ್ದರೂ ಇಬ್ಬರಿಗೂ ಗೊತ್ತಿತ್ತು.

ಭಾದ್ರಪದದಲ್ಲಿ ಬೆಳ್ಳಿ ಕಪ್ಪಿನ ಪಂದ್ಯದ ಕೊನೆಯ ಆಟ. ಎದುರಾಳಿ, ಗಾಲ್ಫ್ ಸಂಘದ ಅಧ್ಯಕ್ಷ, ಬಟ್ಟೆ ಸಾಹುಕಾರ ಚಿದಾನಂದಪ್ಪ. ಮೂರು ವರ್ಷದಿಂದ ಕಪ್ಪು ಅವರ ಅಂಗಡಿಯ ಗಾಜಿನ ಬೀರುವಿನಲ್ಲೇ ಇತ್ತು. ಕೊನೆಯ ಗುಂಡಿಗೆ ಬರುವಾಗ ಇಬ್ಬರೂ ಸಮ. ಗೋಪಾಲಕೃಷ್ಣನ ಚೆಂಡು ಹತ್ತು ಹೆಜ್ಜೆ ದೂರದಲ್ಲಿತ್ತು. ಇದೊಂದು ಒಳಗೆ ಬಿದ್ದರೆ ಕಪ್ಪು ಅವನದು.

ಪಾರಮ್ಮ ಗೋಣಿ ಎಳೆದಳು. ಅವನು ಉಸಿರು ಬಿಟ್ಟ, ತಳ್ಳಿದ. ಚೆಂಡು ಉರುಳಿ ಉರುಳಿ... ಒಳಗೆ ಬಿತ್ತು!

"ಮೋಸ!" ಚಿದಾನಂದಪ್ಪ ಕೂಗಿದರು. "ಗೋಣಿ ಎಳಿಯೋ ನೆವದಾಗ ಈಕಿ ಕಾಲುವಿ ತೋಡ್ಯಾಳ. ಇದು ಇಬ್ಬರೂ ಕೂಡಿ ಮಾಡಿದ ಮಸಲತ್ತು! ಲೇ ಗಾಳೆಪ್ಪ, ನಾಳಿಯಿಂದ ಅಪ್ಪ ಮಗಳು ಇಬ್ಬರೂ ಇತ್ತಾಗ ಬರಬ್ಯಾಡ್ರಿ!"

ಎಲ್ಲರ ಕಣ್ಣು ಪಾರಮ್ಮನ ಮೇಲೆ. ಅವಳ ಕಣ್ಣು ಗೋಪಾಲಕೃಷ್ಣನ ಮೇಲೆ. 'ಹೇಳ್ರಿ... ನನ್ನ ಕೈ ಎಂಥದು ಅಂತ ನಿಮಗ ಗೊತ್ತೈತಲ್ಲ... ಒಂದು ಮಾತು ಹೇಳ್ರಿ!'

ಗೋಪಾಲಕೃಷ್ಣನ ಮುಖ ಕೆಂಪಾಯಿತು. ಕೋಲು ಹಿಡಿದ ಕೈ ಮೇಲೆದ್ದಿತು. ಆದರೆ ಅವನು ಉಸಿರು ಬಿಟ್ಟ, ಮುಷ್ಟಿ ಸಡಿಲಿಸಿದ, ಮೆಲ್ಲಗೆ ಹೇಳಿದ: "ಜಗಳ ಬ್ಯಾಡ್ರಿ. ನಾನ ಸೋತೆ ಅಂತ ಬರ್ಕೊಳ್ರಿ. ಕಪ್ಪು ನೀವ ಇಟ್ಕೊಳ್ರಿ."

ಸಿಟ್ಟು ನುಂಗಿದೆನೆಂದು ಪುಣ್ಯಾತ್ಮನಿಗೆ ಹೆಮ್ಮೆ ಬೇರೆ!

ಪಾರಮ್ಮನ ಒಳಗೆ ಏನೋ ಮುರಿದುಬಿತ್ತು. ಸೋತೆ ಅಂದರೆ ಮೋಸ ಆಗಿದ್ದು ನಿಜ ಅಂತಲೇ ಅಲ್ಲವೇ? ಅಪ್ಪ ತಲೆ ತಗ್ಗಿಸಿಕೊಂಡು ರುಮಾಲು ಕೊಡವುತ್ತಿದ್ದ. ಅದನ್ನು ನೋಡಿ ಅವಳ ಕಣ್ಣೀರು ಅಲ್ಲೇ ಬತ್ತಿತು.

"ನಿಲ್ಲರಿ!"

ಹೊರಟವರೆಲ್ಲ ತಿರುಗಿದರು.

"ನಾ ಎಳದ ದಾರಿ ಇನ್ನೂ ಹಂಗ ಐತಿ. ಅದು ಚೆಂಡನ್ನ ತಾನ ಒಯ್ಯತೈತಿ ಅಂದ್ರಲ್ಲ ಸಾವ್ಕಾರ್ರ... ಇಡ್ರಿ ಚೆಂಡು. ನೀವ ಹೊಡೀರಿ."

"ನಿನ್ನ ಜೊತಿ ನನ್ನದೇನು ಮಾತು?"

"ಮಾತು ಬ್ಯಾಡ್ರಿ. ಹೊಡೀರಿ."

"ಹೊಡದು ತೋರ್ಸ್ರಿ ಚಿದಾನಂದಪ್ಪನವರ," ಎಂದರು ಮುದಿ ಡಾಕ್ಟರು. ಈಗ ಹಿಂದೆ ಸರಿಯುವ ಹಾಗಿರಲಿಲ್ಲ.

ಮೊದಲ ಚೆಂಡು ಎಡಕ್ಕೆ ಹೋಯಿತು. ಎರಡನೆಯದು ಅರ್ಧ ದಾರಿಯಲ್ಲಿ ಕೂತಿತು. ಮೂರನೆಯದು ಗುಂಡಿ ದಾಟಿ ಜಾಲಿ ಗಿಡದ ಬುಡ ಸೇರಿತು. ಯಾರೋ ಕಿಸಕ್ಕನೆ ನಕ್ಕರು.

"ಈಗ ನೀವ ಗೋಣಿ ಎಳೀರಿ. ನಾ ಹೊಡೀತೀನಿ."

ಹಟಕ್ಕೆ ಬಿದ್ದ ಚಿದಾನಂದಪ್ಪ ಬೇಕೆಂದೇ ಸೊಟ್ಟಗೆ ಎಳೆದರು. ಪಾರಮ್ಮ ಗೋಪಾಲಕೃಷ್ಣನ ಕೈಯಿಂದ ಕೋಲು ತೆಗೆದುಕೊಂಡಳು, ಅವನ ಮುಖವನ್ನೂ ನೋಡದೆ.

ಚೆಂಡಿನ ಮುಂದೆ ನಿಂತಳು. ಅಪ್ಪನ ಕೆಲಸ... ಈ ನಗುವ ಬಾಯಿಗಳು... ಇವನ ಮೌನ... 'ಅದೆಲ್ಲ ಬಿದ್ದ ಕಾಳು. ನೋಡಬ್ಯಾಡ ಪಾರಿ. ಕೈಯಾಗ ಒಂದ ಕಾಳೈತಿ.' ಉಸಿರು ಬಿಟ್ಟಳು. ಸೊಟ್ಟ ದಾರಿಯನ್ನು ಒಮ್ಮೆ ಅಳೆದು ನೋಡಿ, ಚೆಂಡನ್ನು ಅದಕ್ಕೆ ಅಡ್ಡ ದಾಟಿಸಿ ಹೊಡೆದಳು.

ಟಕ್!

ಡಾಕ್ಟರು ಚಪ್ಪಾಳೆ ತಟ್ಟಿದರು. ಚಿದಾನಂದಪ್ಪ ಬೆವರು ಒರೆಸಿಕೊಂಡು, "ತಪ್ಪಾತು," ಎಂದು ಗೊಣಗಿದರು.

"ಇನ್ನೊಮ್ಮಿ ಅನ್ರಿ. ಅಪ್ಪಗ ಕೇಳಿಸಿಲ್ಲ."

"ತಪ್ಪಾತು ಗಾಳೆಪ್ಪ! ನಾಳಿ ಕೆಲಸಕ್ಕ ಬಾ."

"ನಾಡಿದ್ದ ಬರ್ತಾನ್ರಿ," ಎಂದಳು ಪಾರಮ್ಮ. "ನಾಳಿ ನಮ್ಮ ಹೊಲದಾಗ ಬಿತ್ತಿಗಿ ಐತಿ."

ಗೇಟಿನ ಬಳಿ ಗೋಪಾಲಕೃಷ್ಣ ಅಡ್ಡ ಬಂದ. "ಪಾರಮ್ಮ, ನೀ ಹೇಳಿದಂಗ ತಲಿ ತಣ್ಣಗ..."

ಅವಳು ಕೋಲನ್ನು ಅವನ ಎದೆಗೆ ಒತ್ತಿ ಕೊಟ್ಟಳು. "ತಲಿ ತಣ್ಣಗಿಟ್ಕೊಳ್ಳಾಕ ಹೇಳಿದ್ದೆ. ತಗ್ಗಸಾಕ ಹೇಳಿದ್ದಿಲ್ಲ."

ಕೊಳಗಲ್ಲಿನ ದಾರಿಯುದ್ದಕ್ಕೂ ಅವಳು ಅತ್ತಳು. ಗೆದ್ದು ಬಂದವಳು ಯಾಕೆ ಅಳಬೇಕು? ನೀವೇ ಹೇಳಿ!

ಮರುದಿನ ಕರಿ ಹೊಲದಲ್ಲಿ ಎರಡು ಸಾಲು ಮುಗಿದಿತ್ತು. ಬದುವಿನ ಮೇಲೆ ಬಿಳಿ ಷರಟು ಕಂಡಿತು. ಪಾರಮ್ಮ ಕೂರಿಗೆಯ ಬಳಿಯೇ ನಿಂತಳು.

"ಸಿರುಗುಪ್ಪದ ಬಸ್ಸು ಈ ದಾರಿಗೆ ಬರಂಗಿಲ್ರಿ," ಎಂದಳು ಬಿರುಸಾಗಿ.

"ರಜಾ ಹಾಕೀನಿ." ಅವನು ಚಪ್ಪಲಿ ಬಿಟ್ಟು ಹೊಲಕ್ಕಿಳಿದ. ಗಾಳೆಪ್ಪನಿಗೂ ಕೇಳುವಂತೆ ಹೇಳಿದ: "ಪಾರಮ್ಮನವರ, ನಿನ್ನೆ ನಾ ಬಿಟ್ಟುಕೊಟ್ಟಿದ್ದು ಕಪ್ಪು ಅಂತ ತಿಳ್ಕೊಂಡಿದ್ದೆ. ಅದು ನಿಮ್ಮ ಮಾನ ಆಗಿತ್ತು. ನನ್ನದಲ್ಲದ್ದನ್ನ ನಾ ಬಿಟ್ಟುಕೊಟ್ಟೆ. ತಪ್ಪಾತು. ಸಂಘಕ್ಕೂ ಹಂಗ ಬರ್ದು ಕೊಟ್ಟು ಬಂದೀನಿ. ಪಾರಮ್ಮನವರ ಹೆಸರು ಆಟದ ಪಟ್ಟಿಯಾಗ ಬರೋತನಕ ನನ್ನ ಹೆಸರೂ ಬ್ಯಾಡ ಅಂತ."

ಪಾರಮ್ಮನವರೇ! ಅವಳು ಸೆರಗು ಬಿಗಿದುಕೊಂಡಳು.

"ಅಷ್ಟಕ್ಕ ಇಲ್ಲಿತನಕ ನಡಕೊಂಡು ಬಂದ್ರೇನು?"

"ಅಲ್ಲ... ನಿಮ್ಮನ್ನ ಮದುವಿ ಆಗತೀನಿ ಅಂತ ಹೇಳಾಕ ಬಂದೆ. ನೀವು ಒಪ್ಪಿದ್ರ."

"ನಿಮ್ಮ ಮಂದಿ ಬ್ಯಾರೆ, ನಮ್ಮ ಮಂದಿ ಬ್ಯಾರೆ. ನಿಮ್ಮ ತಾಯಿಗೆ ಹೇಳೀರೇನು?"

"ನಿನ್ನೆ ರಾತ್ರಿನ ಹೇಳೀನಿ. ಅಮ್ಮ ಊಟ ಬಿಟ್ರು."

"ನೀವು?"

"ನಾನೂ ಊಟ ಬಿಟ್ಟೆ. ಮಾತು ಮಾತ್ರ ಬಿಡಲಿಲ್ಲ."

ಪಾರಮ್ಮ ಮುಖ ತಿರುಗಿಸಿಕೊಂಡಳು, ನಗು ಕಾಣದಿರಲೆಂದು.

ಗಾಳೆಪ್ಪ ಎತ್ತಿನ ಹಗ್ಗ ಜಗ್ಗಿದ. "ಲೇ ಪಾರಿ, ಎತ್ತು ನಿಂತಾವು. ಸಡ್ಡಿ ಹಿಡಿಯೋ ಪಕ್ಕೀರಮ್ಮ ಇವತ್ತು ಬಂದಿಲ್ಲ. ಆ ಯಪ್ಪಗ ಬರತೈತೇನ ಕೇಳು."

ಸಡ್ಡಿ ಎಂದರೆ ಕೂರಿಗೆಗೆ ಹಗ್ಗ ಕಟ್ಟಿ ಎಳೆಯುವ ಒಂಟಿ ಬಿದಿರ ಕೊಳವೆ. ಜೋಳದ ಸಾಲುಗಳ ನಡುವೆ ಅದರಲ್ಲಿ ಕಡಲೆ ಬಿಡುತ್ತ ನಡೆಯಬೇಕು. ಗೋಪಾಲಕೃಷ್ಣ ಪಂಚೆ ಎತ್ತಿ ಕಟ್ಟಿದ. ಪಾರಮ್ಮ ತನ್ನ ಮಡಿಲಿನ ಕಡಲೆಯನ್ನು ಅವನ ಬೊಗಸೆಗೆ ಸುರಿದಳು. ಬೆರಳು ತಾಗಿತು. ಇಬ್ಬರೂ ತೆಗೆಯಲಿಲ್ಲ.

ಎತ್ತು ಹೊರಟವು. ಅವನ ಕೈತಪ್ಪಿ ನಾಲ್ಕು ಕಾಳು ಒಂದೇ ಕಡೆ ಬಿದ್ದವು. ಗಾಬರಿಯಾಗಿ ಹಿಂದೆ ತಿರುಗಿದ.

"ಬಿದ್ದ ಕಾಳು ನೋಡಬ್ಯಾಡ್ರಿ!"

"ಹಿಂದ ನೋಡಂಗಿಲ್ಲ," ಎಂದ ಅವನು, ಉಸಿರು ಬಿಟ್ಟು. "ಪಕ್ಕಕ್ಕ ನೋಡಬೋದಾ?"

ಪಾರಮ್ಮ ಒಂದು ಮುಷ್ಟಿ ಜೋಳ ಬಟ್ಟಲಿಗೆ ಬಿಟ್ಟಳು. ಸಾಲು ನೆಟ್ಟಗೆ ಹೊರಟಿತು.

"ನೋಡ್ರಿ," ಎಂದಳು. "ಕೈ ಮಾತ್ರ ನಿಲ್ಲಸಬ್ಯಾಡ್ರಿ."