ಸುಳಿ ಯಾವ ಬದಿಗೆ?

"ಕೈ ತೆಗಿ ಉಚೆಲ್! ಅಯ್ಯೋ... ಏನು ಮಾಡಿಬಿಟ್ಟೆ!"

ಬ್ರಿಯೋನಿ ಕಿರುಚುವಷ್ಟರಲ್ಲಿ ಅವನು ಕೆಂಪು ಗುಂಡಿ ಒತ್ತಿಯಾಗಿತ್ತು. ಕ್ಯಾನ್‌ಬೆರಾದ ಆ ಪ್ರಯೋಗಾಲಯದಲ್ಲಿ ತಿರುಗುತ್ತಿದ್ದ ನೀರಿನ ತೊಟ್ಟಿ ನಿಂತಿತು. ಪುಟ್ಟ ಪ್ಲಾಸ್ಟಿಕ್ ದ್ವೀಪದ ಹಿಂದೆ ಸುತ್ತುತ್ತಿದ್ದ ನೀಲಿ ಬಣ್ಣದ ಸುಳಿ ಕಲಸಿಹೋಯಿತು.

ಶುಕ್ರವಾರ ಅವಳ ನಕ್ಷೆ ಪೆಸಿಫಿಕ್ ಸಾಗರದ ಪಲಾವು ದ್ವೀಪಕ್ಕೆ ಹೋಗಬೇಕಿತ್ತು. ದೋಣಿ ಮಗುಚಿದರೆ ಸುಳಿ ಜನರನ್ನು ಎಲ್ಲಿಗೆ ಒಯ್ಯುತ್ತದೆ, ಅವರನ್ನು ಎಲ್ಲಿ ಹುಡುಕಬೇಕೆಂದು ತೋರಿಸುವ ನಕ್ಷೆ. ಅದನ್ನು ಓದಲು ಕಲಿತು ಒಯ್ಯಲೆಂದೇ ಬಂದವನು ಅಲ್ಲಿನ ಮೀನುಗಾರ ಉಚೆಲ್. ಎರಡು ತಿಂಗಳಲ್ಲಿ ಅವಳ ಮನಸ್ಸನ್ನೂ ಕದ್ದಿದ್ದ, ಕಳ್ಳ! ಪಾಪ, ಅವನಿಗೇ ಅದು ಗೊತ್ತಿರಲಿಲ್ಲ.

"ನೀರು ಹದಕ್ಕೆ ಬರೋಕೆ ಅರ್ಧ ದಿನ ಬೇಕು ಕಣೋ! ನನ್ನ ಕೆಲಸ ನಿನಗೆ ಆಟಾನಾ?"

"ತೊಟ್ಟಿ ತಿರುಗೋದನ್ನ ಇವತ್ತೇ ನೋಡಿದ್ದು. ಸುಳಿ ದ್ವೀಪದ ಎಡಗಡೆ ಉಳೀತಿದೆ ಬ್ರಿಯೋನಿ. ನಮ್ಮಲ್ಲಿ ಅದು ಬಲಗಡೆ ಉಳಿಯೋದು."

"ಮೂರು ತಿಂಗಳು ಅಳೆದೋಳು ನಾನು. ಬಲೆ ಬೀಸೋನು ನನಗೆ ಪಾಠ ಹೇಳ್ತೀಯಾ?"

ಆಡಿದ ಮಾತು ಅವಳಿಗೇ ಚುಚ್ಚಿತು. ಅವನ ಮುಖ ಸಪ್ಪಗಾಯಿತು.

"ದೋಣಿ ಮಗುಚಿದಾಗ ನಮ್ಮಣ್ಣನ್ನ ನಾಲ್ಕು ದಿನ ಎಡಗಡೇನೇ ಹುಡುಕಿದ್ರು. ಬಲಗಡೆ ನೋಡಿ ಅಂತ ಅಪ್ಪ ಗೋಗರೆದ್ರು, ಯಾರೂ ಕೇಳಲಿಲ್ಲ. ಐದನೇ ದಿನ ಬಲಗಡೇನೇ ಸಿಕ್ಕಿದ... ಉಸಿರಿರಲಿಲ್ಲ."

ಅಷ್ಟೇ ಹೇಳಿ ಹೊರಟುಹೋದ.

ಬ್ರಿಯೋನಿ ಕುಸಿದು ಕುಳಿತಳು. 'ನಾನೆಲ್ಲಿ ತಪ್ಪಿದೆ?' ಕಣ್ಣು ತೊಟ್ಟಿಯ ಕೆಳಗಿನ ತಿರುಗುಮೇಜಿನ ದಿಕ್ಕು ಬದಲಿಸುವ ಸ್ವಿಚ್ಚಿನ ಮೇಲೆ ಬಿತ್ತು.

ದಕ್ಷಿಣಾರ್ಧಗೋಳದ ಟಾಸ್ಮೇನಿಯಾದ ಕಡಲಿಗೆಂದು ಮೇಜನ್ನು ಸದಾ ಒಂದೇ ದಿಕ್ಕಿಗೆ ತಿರುಗಿಸಿ ರೂಢಿಯಾದ ಮಂದಿ ಇಲ್ಲಿಯವರು. ಪಲಾವು ಇರುವುದು ಭೂಮಧ್ಯರೇಖೆಯ ಆಚೆ, ಉತ್ತರಕ್ಕೆ. ಭೂಮಿ ತಿರುಗುವ ರಭಸ ಅಲ್ಲಿ ನೀರನ್ನು ಎದುರು ಬದಿಗೆ ತಳ್ಳುತ್ತದೆ; ಅದಕ್ಕೆ ಮೇಜು ಉಲ್ಟಾ ತಿರುಗಬೇಕಿತ್ತು. ಆ ಸ್ವಿಚ್ಚನ್ನು ಅವಳು ಮುಟ್ಟಿಯೇ ಇರಲಿಲ್ಲ.

ದಿಕ್ಕು ಬದಲಿಸಿ ಸಂಜೆಯವರೆಗೆ ಕಾದಳು. ಬಣ್ಣ ಬಿಟ್ಟಳು. ಸುಳಿ ಬಲಗಡೆಯೇ ಗಟ್ಟಿಯಾಗಿ ನಿಂತಿತು.

ಯಾರಿಗೂ ಗೊತ್ತಾಗಿರಲಿಲ್ಲ. ಸುಮ್ಮನಿದ್ದರೆ ಅವಳ ಡಾಕ್ಟರೇಟ್ ಉಳಿಯುತ್ತಿತ್ತು. ಆದರೆ ಆ ಅಣ್ಣ... ಬ್ರಿಯೋನಿ ನೇರ ಪ್ರೊಫೆಸರ್ ಬಳಿ ನಡೆದಳು.

"ಮಾರ್ಗಟ್, ನಕ್ಷೆ ಕಳಿಸ್ಬೇಡಿ. ನನ್ನ ಮೂರು ತಿಂಗಳ ಕೆಲಸ ಪೂರ್ತಿ ತಪ್ಪು. ಉಚೆಲ್ ಹೇಳಿದ್ದೇ ಸರಿ."

"ಈ ವರ್ಷ ನಿನ್ನ ಪದವಿ ಮುಗಿಯಲ್ಲ, ಗೊತ್ತಲ್ಲ?"

"ಗೊತ್ತು."

ಅತಿಥಿಗೃಹದಲ್ಲಿ ಉಚೆಲ್ ಚೀಲ ಕಟ್ಟುತ್ತಿದ್ದ.

"ಇನ್ನೂ ಬೈಯೋದು ಬಾಕಿ ಇದೆಯಾ?"

"ಕ್ಷಮೆ ಕೇಳೋದು ಬಾಕಿ ಇದೆ... ಸುಳಿ ಬಲಗಡೇನೇ, ನೀನು ಹೇಳಿದ್ದೇ ಸರಿ. ಎಲ್ಲ ಮೊದಲಿಂದ ಅಳೀಬೇಕು. ಇನ್ನು ಮೂರು ತಿಂಗಳು ಇರ್ತೀಯಾ?"

"ನಕ್ಷೆಗೋಸ್ಕರಾನಾ?"

"ನಕ್ಷೆಗೆ ಮೂರು ತಿಂಗಳು ಸಾಕು. ನನಗೆ ಸಾಲಲ್ಲ ಉಚೆಲ್... ನೀನಂದ್ರೆ ನನಗೆ ಪ್ರಾಣ."

ಅವನು ಚೀಲ ಕೆಳಗಿಟ್ಟ.

"ಯಾಕೋ ಬರಲಿಲ್ಲ ಅಂತ ಅಮ್ಮ ಕೇಳ್ತಾಳೆ. ಏನು ಹೇಳ್ಲಿ?"

"ಬೈದೋಳೇ ಬಿಡ್ತಿಲ್ಲ ಅಂತ ಹೇಳು!"