ಎಸಿ ನೀರಿನ ಮಲ್ಲಿಗೆ

ಟ್ರೆವರ್ ಯಾಮಿನಿಯ ಬದುಕಿನೊಳಗೆ ಕಾಲಿಟ್ಟದ್ದು ಒಂದು ಬಕೆಟ್ಟಿನೊಳಗೆ ಕಾಲಿಟ್ಟು.

ಕೊಲ್ಲಿ ದೇಶದ ಮಂಗಫ್‌ನ ಒಂದು ಭಾರತೀಯ ಶಾಲೆಯ ಹಿಂದಿನ ಓಣಿಯಲ್ಲಿ, ಎಸಿಗಳಿಂದ ತೊಟ್ಟಿಕ್ಕುವ ನೀರನ್ನು ಗಿಡಗಳಿಗಾಗಿ ಹಿಡಿದಿಡುವುದು ವಿಜ್ಞಾನದ ಟೀಚರ್ ಯಾಮಿನಿಯ ಏರ್ಪಾಡು. ಸ್ಪ್ಯಾನಿಷ್ ಕಲಿಸಲು ಹೊಸದಾಗಿ ಬಂದ ಮೇಷ್ಟ್ರು ಟ್ರೆವರ್‌ಗೆ ಅದೆಲ್ಲಿ ಗೊತ್ತು?

"ನೋಡ್ಕೊಂಡ್ ನಡೀಬಾರದೇನ್ರೀ? ಬೇವಿನ ಗಿಡದ ನೀರು ಕಣ್ರೀ ಅದು."

"ಎಂತ ಮಾರಾಯ್ರೆ, ಒದ್ದೆ ಆದದ್ದು ನನ್ನ ಶೂ. ನೀವು ಗಿಡಕ್ಕೆ ಅಳ್ತೀರಲ್ಲ."

ಮರುದಿನದಿಂದ ಬಕೆಟ್ ಹೊರುವ ಕೆಲಸ ಅವನದೇ ಆಯಿತು. ಅವಳ ಮೈಸೂರಿನ 'ಕಣ್ರೀ'ಯನ್ನು ಅವನು ಅಣಕಿಸುವನು, ಅವನ ಮಂಗಳೂರಿನ 'ಮಾರಾಯ್ರೆ'ಯನ್ನು ಅವಳು. ಶಾಲೆಯಲ್ಲಿ ಪ್ಲಾಸ್ಟಿಕ್ ಬಾಟಲಿ ಖಲಾಸ್ ಆಯಿತು. ಅಂಗಳದಲ್ಲಿ ಬೇವು ಚಿಗುರಿತು. ಜೊತೆಗೆ ಇನ್ನೇನೋ ಚಿಗುರಿತು... ಅದನ್ನು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ.

ಈ ಹಸಿರು ಕೆಲಸ ಮೆಚ್ಚಿ ಸ್ಪೇನಿನ ಶಾಲೆಯೊಂದು ಮಕ್ಕಳನ್ನು ಕರೆಯಿತು. ಜೊತೆಗೆ ಹೋಗುವವರು ಯಾಮಿನಿ ಮತ್ತು ಟ್ರೆವರ್. ಸುದ್ದಿ ಬಂದ ದಿನವೇ ಅವನು ಹಳೆ ಪೇಪರಿನಲ್ಲಿ ಸುತ್ತಿದ ಪೊಟ್ಟಣವೊಂದನ್ನು ಅವಳ ಕೈಗಿಟ್ಟ.

"ನಿಮಗೆ."

ಅವಳ ಕೆನ್ನೆ ಬಿಸಿಯಾಯಿತು. ಥ್ಯಾಂಕ್ಸ್ ಎಂದವಳೇ ಅದನ್ನು ಮೇಜಿನ ಕೆಳಗಿಟ್ಟು ಕಾಂಪೋಸ್ಟ್ ಗುಂಡಿಯ ಮಾತೆತ್ತಿದಳು.

ಅವನ ಮುಖ ಬಾಡಿದ್ದು ಅವಳಿಗೆ ಕಾಣಲಿಲ್ಲ.

ದಿನ ಕಳೆದಂತೆ ಅವನ ಮಾತು ಕಡಿಮೆಯಾಯಿತು. ಬಕೆಟ್ ಹೊರಲೂ ಬರಲಿಲ್ಲ. ಕೊನೆಗೊಂದು ದಿನ ಸ್ಟಾಫ್‌ರೂಮಿನಲ್ಲಿ ಶರ್ಲಿನ್ ಟೀಚರ್ ಹೇಳಿದಳು, "ಟ್ರೆವರ್ ಸ್ಪೇನಿಗೆ ಬರುದಿಲ್ಲ ಅಂತೆ. ಅವನ ಬದಲಿಗೆ ನಾನು. ನಾಳೆ ಪ್ರಿನ್ಸಿಪಾಲರು ಹೆಸರು ಕಳಿಸ್ತಾರೆ."

ನಾನೇನು ಮಾಡಿದೆ... ಯಾಮಿನಿಗೆ ಊಟ ಸೇರಲಿಲ್ಲ.

ಅಂದು ಮಧ್ಯಾಹ್ನ ಅವನು ಹೊರಡುವ ಮಕ್ಕಳಿಗೆ ಸ್ಪೇನಿನ ರೀತಿನೀತಿ ಕಲಿಸುತ್ತಿದ್ದ. ಅಲ್ಲಿ ಓದಿ, ಕೆಲಸ ಮಾಡಿ ಬಂದವನು. ಕೆನ್ನೆಗೆ ಕೆನ್ನೆ ತಾಗಿಸಿ ಗಾಳಿಗೆ ಎರಡು ಮುತ್ತು ಕೊಡುವ ಪದ್ಧತಿಯನ್ನು ಕಂಬವೊಂದಕ್ಕೆ ಮಾಡಿ ತೋರಿಸಿದಾಗ ಕ್ಲಾಸೇ ಬಿದ್ದು ಬಿದ್ದು ನಕ್ಕಿತು.

"ಊಟ ಮುಗಿದ ಕೂಡಲೇ ಎದ್ದು ಓಡ್ಬಾರದು. ಕೂತು ಹರಟಬೇಕು. ಅಲ್ಲಿ ಅದೂ ಊಟದ ಭಾಗವೇ."

"ಸರ್, ವಾಟ್ ಇಫ್ ದೇ ಗಿವ್ ಅಸ್ ಗಿಫ್ಟ್ಸ್?" ಸ್ಪಂದನಾ ಕೇಳಿದಳು.

ಅವನ ದನಿ ತಗ್ಗಿತು. "ಕೊಟ್ಟವರ ಮುಂದೆಯೇ ಬಿಚ್ಚಬೇಕು. ಬಿಚ್ಚದೆ ಬದಿಗಿಟ್ರೆ... ಕೊಟ್ಟವರನ್ನೇ ಬದಿಗಿಟ್ಟ ಹಾಗೆ."

ಬಾಗಿಲಲ್ಲಿ ನಿಂತಿದ್ದ ಯಾಮಿನಿಗೆ ತಾನು ಮೇಜಿನ ಕೆಳಗಿಟ್ಟ ಪೊಟ್ಟಣ ನೆನಪಾಯಿತು.

ಮರುದಿನ, ಪ್ರಿನ್ಸಿಪಾಲರು ಬರುವ ಮೊದಲೇ, ಅವಳು ಅವನೆದುರು ನಿಂತಿದ್ದಳು. ಕೈಯಲ್ಲಿ ಅದೇ ಹಳೆ ಪೇಪರಿನ ಪೊಟ್ಟಣ.

"ವಾಪಸ್ ಕೊಡ್ಲಿಕ್ಕೆ ಬಂದ್ರಾ?"

"ಹಿಡ್ಕೊಳ್ಳಿ. ಇನ್ನೊಂದ್ಸಲ ಕೊಡಿ."

"ಎಂತಕ್ಕೆ?"

"ಕೊಡಿ ಅಂದೆ."

ಅವನು ಕೊಟ್ಟ. ಅವಳು ಅವನ ಕಣ್ಣೆದುರೇ ಪೇಪರ್ ಬಿಚ್ಚಿದಳು. ಅವನು ಕೊಟ್ಟ ಕುಂಡವೇ, ಅವನು ಕೊಟ್ಟ ಮಲ್ಲಿಗೆ ಗಿಡವೇ. ಆದರೆ ಈಗ ಮೈತುಂಬ ಹೊಸ ಎಲೆ, ತುದಿಯಲ್ಲೊಂದು ಮೊಗ್ಗು.

ಅವನು ಬೆರಗಾದ. "ಬಿಚ್ಚಿದ್ರಾ ನೀವು?"

"ಅವತ್ತೇ, ರೂಮಿನ ಬಾಗಿಲು ಹಾಕ್ಕೊಂಡು. ಕೊಟ್ಟೋರ ಮುಂದೇನೇ ಬಿಚ್ಚಿದ್ರೆ ಆಸೆಬುರುಕಿ ಅಂತಾರೆ ಅಂತ ಅಮ್ಮ ಕಲಿಸಿದ್ದು. ನಮ್ಮನೆ ಎಸಿ ನೀರೆಲ್ಲ ಇದಕ್ಕೇ. ಮೊದಲ ಹೂ ಮುಡ್ಕೊಂಡು ಬಂದು ಹೇಳೋಣ ಅಂತ ಕಾಯ್ತಿದ್ದೆ."

"ಎಂತ ಹೇಳ್ಲಿಕ್ಕೆ?"

ಅವಳು ಮೊಗ್ಗನ್ನೇ ನೋಡುತ್ತ ಮೆಲ್ಲಗೆ ಅಂದಳು, "ಆಸೆ ಇದೆ ಅಂತ."

ಅವನು ಮೊಗ್ಗನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದ. ಆಮೇಲೆ ಅವಳ ಮಾತಿನ ಧಾಟಿಯನ್ನೇ ಎರವಲು ಪಡೆದ.

"ಪ್ರಿನ್ಸಿಪಾಲರಿಗೆ ಹೇಳಿ ಬರ್ತೀನಿ. ಸ್ಪೇನಿಗೆ ನಾನೇ ಬರೋದು ಕಣ್ರೀ."

"ಬೇಗ ಬನ್ನಿ ಮಾರಾಯ್ರೆ," ಎಂದಳು ಯಾಮಿನಿ, ಕಣ್ಣೊರೆಸಿಕೊಂಡು. "ಬಕೆಟ್ ತುಂಬಿ ಚೆಲ್ತಾ ಉಂಟು."